ಸೀಟು ಹಿಡಿಯುವ ಮುಂಚೆ

ಪಿಯುಸಿ ರಿಸಲ್ಟ್ ಬಂದರೆ ಸಾಕು, ಜಯನಗರದ ಪಾರ್ಕುಗಳಲ್ಲಿ ವಾಕಿಂಗ್ ನಿಂತು ‘ಯಾವ ಬ್ರಾಂಚು?’ ಶುರುವಾಗುತ್ತದೆ. ಯಾವ ಓದಿಗೆ ಎಷ್ಟು ಬೆಲೆ ಅಂತ ತೂಗಲು ಕೂತವರು ದಯವಿಟ್ಟು ಇಷ್ಟು ಮಾಡಿ.

• ಮೊದಲು ಸಿಲಬಸ್ ಓದಿ. ನಾಲ್ಕನೇ ಬ್ಲಾಕಿನಲ್ಲಿ ಹುರುಳಿಕಾಯಿಯನ್ನೂ ಮುರಿದು ನೋಡಿ ಕೊಳ್ಳುವವರು ನೀವು, ಲಕ್ಷಗಟ್ಟಲೆ ಫೀಸಿನ ಕೋರ್ಸನ್ನು ಹೆಸರು ಕೇಳಿಯೇ ಕೊಂಡುಬಿಡ್ತೀರಿ! ವಿಟಿಯು ಸಿಲಬಸ್ ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ಕಂಪ್ಯೂಟರ್ ಸೈನ್ಸ್, ಎಐ-ಎಂಎಲ್, ಡೇಟಾ ಸೈನ್ಸ್ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ, ಎಷ್ಟೋ ಪಾಠಗಳು ಒಂದೇ. ಹೆಸರಿನ ಬಾಲಕ್ಕಾಗಿ ಒಳ್ಳೆ ಕಾಲೇಜು ಬಿಡಬೇಡಿ.

• ಫೀಸನ್ನು ಒಂದು ವರ್ಷಕ್ಕೆ ಲೆಕ್ಕ ಹಾಕಿ ಸುಮ್ಮನಾಗಬೇಡಿ. ಬಸ್ಸು, ಲ್ಯಾಬು, ಲ್ಯಾಪ್‌ಟಾಪು ಎಲ್ಲ ಸೇರಿಸಿ, ಕೋರ್ಸು ಎಷ್ಟು ವರ್ಷವೋ ಅಷ್ಟರಿಂದ ಗುಣಿಸಿ. ನಮ್ಮಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಸರ್ಕಾರ ಡಿಗ್ರಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿತು. ಅಕ್ಕನ ಮಗಳು ಓದಿದ್ದು ನಾಲ್ಕು ವರ್ಷ ಅಂತ ಅದೇ ಲೆಕ್ಕ ಹಿಡಿಯಬೇಡಿ, ಕಾಲೇಜಿಗೇ ಹೋಗಿ ಕೇಳಿ.

• ಆಪ್ಷನ್ ಎಂಟ್ರಿಯನ್ನು ಸೈಬರ್ ಸೆಂಟರ್ ಹುಡುಗನ ಕೈಗೆ ಬಿಡಬೇಡಿ. ಮೊದಲು ಮನೆಯಲ್ಲಿ ಕಾಗದದ ಮೇಲೆ ಬರೆದುಕೊಳ್ಳಿ. ಸಿಗುವುದನ್ನಲ್ಲ, ಬೇಕಾದದ್ದನ್ನು ಮೇಲೆ ಹಾಕಿ. ಕೆಇಎ ನಿಮ್ಮ ರ್‍ಯಾಂಕಿಗೆ ಸಿಗುವುದನ್ನು ಮೇಲಿನಿಂದಲೇ ಹುಡುಕಿಕೊಂಡು ಬರುವುದು, ಆಸೆಪಟ್ಟಿದ್ದಕ್ಕೆ ದಂಡವೇನೂ ಇಲ್ಲ. ಆದರೆ ಹೋಗಲೊಲ್ಲದ ಕಾಲೇಜನ್ನು ‘ಇರಲಿ’ ಅಂತ ಸೇರಿಸಬೇಡಿ, ಅದೇ ಸಿಕ್ಕಿಬಿಡುತ್ತದೆ. ಅಣಕು ಹಂಚಿಕೆ ಬಂದಾಗ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅದು ಇರುವುದೇ ತಿದ್ದಿಕೊಳ್ಳಲಿ ಅಂತ, ನಮ್ಮವರು ಆ ದಿನವೇ ತಿರುಪತಿಗೆ ಹೊರಡುತ್ತಾರೆ.

• ಸಿಇಟಿಗೂ ಮುಂಚೆ ಗಾಬರಿಬಿದ್ದು ಮ್ಯಾನೇಜ್‌ಮೆಂಟ್ ಸೀಟಿಗೆ ಅಡ್ವಾನ್ಸ್ ಕಟ್ಟಬೇಡಿ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅರ್ಧ. ಎರಡೂ ಕೈಗೆ ಬರಲಿ.

• ಬಿ.ಎಸ್ಸಿ. ಅಂದರೆ ಮೂಗು ಮುರಿಯಬೇಡಿ. ಬಸವನಗುಡಿಯ ಸಿ.ಎನ್.ಆರ್. ರಾವ್ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಅದನ್ನೇ. ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರಾಗಿದ್ದೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಹಾಗಂತ ದೊಡ್ಡವರ ಹೆಸರು ಹೇಳಿಕೊಂಡು ಮೂರು ವರ್ಷಕ್ಕೇ ನಿಲ್ಲಿಸಿಬಿಡಬೇಡಿ, ಎಂ.ಎಸ್ಸಿ.ಗೂ ಈಗಲೇ ಸ್ವಲ್ಪ ಎತ್ತಿಡಿ. ಬರಿಯ ಬಿ.ಎಸ್ಸಿ.ಗೆ ಕೆಲಸ ಕಡಿಮೆ.

• ಸಿ.ಎ. ಮಾಡುವ ಮಗುವಿಗೆ ಬಿ.ಕಾಂ. ಬಿಡಿಸಬೇಡಿ. ಸಿ.ಎ. ಒಂದೇ ಸಲಕ್ಕೆ ಒಲಿಯುವುದು ಅಪರೂಪ, ಅಷ್ಟರಲ್ಲಿ ಕೈಯಲ್ಲೊಂದು ಡಿಗ್ರಿ ಇರಲಿ. ಬೆಳಗಿನ ಕಾಲೇಜು ಮನೆ ಹತ್ತಿರವೇ ಇದ್ದರೆ ಓದುವ ಹೊತ್ತು ಟ್ರಾಫಿಕ್ಕಿಗೆ ಹೋಗುವುದಿಲ್ಲ.

• ಸೈಕಾಲಜಿ ಬೇಕು ಅನ್ನುವ ಹುಡುಗಿಯರೇ, ಬಿ.ಎ. ಮುಗಿದ ಮಾರನೇ ದಿನ ನಿಮ್ಹಾನ್ಸ್‌ನಲ್ಲಿ ಕುರ್ಚಿ ಹಾಕಿಕೊಡುವುದಿಲ್ಲ. ಎಂ.ಎ. ಇದೆ, ಅದರ ಮೇಲೆ ತರಬೇತಿಯೂ ಇದೆ. ಅಷ್ಟು ವರ್ಷಕ್ಕೆ ಮನಸ್ಸಿದ್ದರೆ ಖಂಡಿತ ಸೇರಿ, ಅಪ್ಪ-ಅಮ್ಮನಿಗೂ ಇದನ್ನು ಮೊದಲೇ ಹೇಳಿ.

• ಮೆಡಿಕಲ್ ಸಿಗಲಿಲ್ಲ ಅಂತ ಬಯಾಲಜಿ ಓದಿದ ಮಗುವನ್ನು ಮೂಲೆಗೆ ಕೂರಿಸಬೇಡಿ. ಜಿಕೆವಿಕೆಯ ಬಿ.ಎಸ್ಸಿ. ಕೃಷಿಗೂ ದಾರಿ ಸಿಇಟಿಯೇ. ಊರಲ್ಲಿ ಜಮೀನಿದ್ದು ದಾಖಲೆ ಸರಿಯಿದ್ದರೆ ಕೃಷಿಕರ ಕೋಟಾ ವಿಚಾರಿಸಿ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಉಂಟು. ಬೇಸಿಗೆ ರಜೆಯಲ್ಲಿ ಮಗುವನ್ನು ಅಜ್ಜನ ಜೊತೆ ಹೊಲಕ್ಕೆ ಕಳಿಸಿ, ಬಿತ್ತನೆ ಕಾಳಿನ ಗುರುತಾದರೂ ಸಿಗಲಿ.

• ಮದುವೆಮನೆ ಪಂಕ್ತಿಯಲ್ಲಿ ಸಿಗುವ ಸಲಹೆಯನ್ನು ಊಟದ ಜೊತೆಗೇ ಮುಗಿಸಿ. ಕೇಳಲೇಬೇಕಿದ್ದರೆ ಈಗ ಅದೇ ಕೋರ್ಸಿನ ಮೂರನೇ ವರ್ಷದಲ್ಲಿರುವ ಮಕ್ಕಳನ್ನು ಕೇಳಿ. ಯಾವ ಮೇಷ್ಟ್ರು ನಿಜವಾಗಿ ಕ್ಲಾಸಿಗೆ ಬರುತ್ತಾರೆ ಅಂತ ಅವರಿಗೇ ಗೊತ್ತು.

• ಆದಾಯ, ಜಾತಿ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚೆಯೇ ತಂದಿಟ್ಟುಕೊಂಡು ಆರ್.ಡಿ. ನಂಬರನ್ನು ಬೇರೆ ಬರೆದಿಡಿ. ಶುಲ್ಕದ ರಿಯಾಯಿತಿ ಎಷ್ಟೋ ಸಲ ತಪ್ಪುವುದು ಆ ಒಂದು ಕಾಗದಕ್ಕೆ.

• ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿ.ಸಿ. ಕೊಡುವ ಮುಂಚೆ ನಾಲ್ಕು ಸೆಟ್ ಜೆರಾಕ್ಸ್ ಮಾಡಿಸಿ. ಸ್ಕ್ಯಾನ್ ಪ್ರತಿ ಅಪ್ಪನ ಫೋನಿನಲ್ಲಿ ಮಾತ್ರ ಬೇಡ, ಬೇಕಾದ ಹೊತ್ತಿಗೆ ಅವರು ಮೀಟಿಂಗಿನಲ್ಲಿರುತ್ತಾರೆ. ಅಮ್ಮನ ಫೋನಿಗೂ ಹಾಕಿ.