ಸಿಆರ್‌ಪಿಗೆ ಬೆಚ್ಚಬೇಡ, ಸೊಂಟ ಅಳೆದುಕೋ

ನೀನು ವಾಟ್ಸಾಪಿನಲ್ಲಿ ಕಳಿಸಿದ ರಿಪೋರ್ಟನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ ಕಣೋ. ನಿನ್ನ ನಿದ್ದೆ ಕೆಡಿಸಿರುವುದು ಒಂದೇ ಸಾಲು: ಎಚ್‌ಎಸ್-ಸಿಆರ್‌ಪಿ 4.1, ಪಕ್ಕದಲ್ಲೊಂದು ಕೆಂಪು ಬಾಣ. ಟ್ರೈಗ್ಲಿಸರೈಡ್ 212, ಎಚ್‌ಡಿಎಲ್ 36, ಖಾಲಿ ಹೊಟ್ಟೆಯ ಸಕ್ಕರೆ 104. ಇವುಗಳ ಬಗ್ಗೆ ನೀನು ಕೇಳಲೇ ಇಲ್ಲ. ನಾನು ಡಾಕ್ಟರಲ್ಲ, ಲ್ಯಾಬಿನಲ್ಲಿ ಕೂತು ಕೂದಲು ಹಣ್ಣಾದವನು. ನನ್ನ ಕಣ್ಣು ಮೊದಲು ಹೋದದ್ದು ಆ ಮೂರರ ಮೇಲೆ.

ಸಿಆರ್‌ಪಿ ನಿನಗೆ ಹೊಸದಿರಬಹುದು, ವೈದ್ಯರಿಗಲ್ಲ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡ ಪ್ರೋಟೀನು ಅದು. ಮೈಯಲ್ಲಿ ಎಲ್ಲೇ ಉರಿಯೂತ ಎದ್ದರೂ ಲಿವರ್ ಅದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ನಮ್ಮ ಕಾಲದಲ್ಲಿ ಕಪ್ಪು ಸ್ಲೈಡಿನ ಮೇಲೆ ಒಂದು ಹನಿ ಸೀರಮ್, ಒಂದು ಹನಿ ಲೇಟೆಕ್ಸ್ ಬಿಟ್ಟು, ಕಡ್ಡಿಯಲ್ಲಿ ಕಲಸಿ, ಎರಡು ನಿಮಿಷ ಅತ್ತಿತ್ತ ವಾಲಿಸುತ್ತಿದ್ದೆವು. ಮರಳು ಮರಳಾಗಿ ಒಡೆದರೆ ಪಾಸಿಟಿವ್, ನುಣ್ಣಗೇ ಉಳಿದರೆ ನೆಗೆಟಿವ್. ಲೀಟರಿಗೆ ಸುಮಾರು 6 ಮಿಲಿಗ್ರಾಂಗಿಂತ ಕಡಿಮೆ ಇದ್ದದ್ದು ಆ ಪರೀಕ್ಷೆಯಲ್ಲಿ ಕಾಣುತ್ತಲೇ ಇರಲಿಲ್ಲ. ನಿನ್ನ 4.1ನ್ನು ನಾವು ನೆಗೆಟಿವ್ ಎಂದು ಬರೆದು ಕಳಿಸುತ್ತಿದ್ದೆವು!

ಈಗಿನ ಯಂತ್ರಗಳು ಸೂಕ್ಷ್ಮ, ಎಚ್‌ಎಸ್ ಅಂದರೆ ಅದೇ. 1ಕ್ಕಿಂತ ಕೆಳಗಿದ್ದರೆ ಹೃದಯದ ಅಪಾಯ ಕಡಿಮೆ, 1ರಿಂದ 3 ನಡುಮಟ್ಟ, 3 ದಾಟಿದರೆ ಹೆಚ್ಚು ಅನ್ನುತ್ತಾರೆ. 10 ದಾಟಿದರೆ ಮಾತ್ರ ಅದು ಬಹುಪಾಲು ಜ್ವರವೋ ಸೋಂಕೋ ಇರುತ್ತದೆ. ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು. ಇನ್ನೊಂದು ವಿಷಯ, ಅಳತೆಯ ಮಾನ ನೋಡಿಕೋ. ಕೆಲವು ಲ್ಯಾಬುಗಳು ಲೀಟರಿನ ಲೆಕ್ಕದಲ್ಲಿ ಬರೆಯುತ್ತವೆ, ಕೆಲವು ಡೆಸಿಲೀಟರಿನಲ್ಲಿ. ಒಂದರಲ್ಲಿ 3 ಆದದ್ದು ಇನ್ನೊಂದರಲ್ಲಿ 0.3. ಇದು ತಿಳಿಯದೆ ಗಾಬರಿಯಾದವರನ್ನೂ, ಸುಮ್ಮನೆ ನಿರಾಳವಾದವರನ್ನೂ ಕಂಡಿದ್ದೇನೆ.

ಹಿತ್ತಲಲ್ಲಿ ನಾಯಿ ಬೊಗಳಿದರೆ ಬಂದದ್ದು ಕಳ್ಳನೋ ಪೋಸ್ಟ್‌ಮ್ಯಾನೋ ಅದು ಹೇಳುವುದಿಲ್ಲ. ಎದ್ದು ಹೋಗಿ ನಾವೇ ನೋಡಬೇಕು. ಸಿಆರ್‌ಪಿಯೂ ಹಾಗೇ. ನೆಗಡಿಗೂ ಏರುತ್ತದೆ, ವಸಡು ಊದಿದರೂ ಏರುತ್ತದೆ, ಸಿಗರೇಟಿಗೂ ಏರುತ್ತದೆ, ಜಿಮ್ಮಿನಲ್ಲಿ ಮೈಮುರಿದ ಮರುದಿನವೂ ಏರುತ್ತದೆ. ಹುಟ್ಟಿನಿಂದಲೇ ಸಿಆರ್‌ಪಿ ಕೊಂಚ ಹೆಚ್ಚಿರುವಂಥ ಜೀನ್ ಹೊತ್ತವರನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಅಷ್ಟರಿಂದಲೇ ಅವರಿಗೆ ಹೃದಯದ ಕಾಯಿಲೆ ಹೆಚ್ಚಿರಲಿಲ್ಲ. ಅಂದರೆ ಈ ಪ್ರೋಟೀನನ್ನೇ ಇಳಿಸಲು ಹೊರಡುವುದು ನಾಯಿಗೆ ಹೊಡೆದಂತೆ.

ನಿನ್ನ ವಯಸ್ಸಿನ ಹುಡುಗರಲ್ಲಿ, ಜ್ವರ ನೆಗಡಿ ಏನೂ ಇಲ್ಲದಿದ್ದಾಗ, ಅದು ಸಾಮಾನ್ಯವಾಗಿ ಬೊಗಳುವುದು ಹೊಟ್ಟೆಯ ಕಡೆಗೆ. ತೊಡೆಯ ಕೊಬ್ಬು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಕರುಳಿನ ಸುತ್ತ ಸೇರಿದ ಕೊಬ್ಬು ಸುಮ್ಮನಿರುವುದಿಲ್ಲ. ಅದು ಐಎಲ್-6 ಎಂಬ ಸಂದೇಶವನ್ನು ರಕ್ತಕ್ಕೆ ಬಿಡುತ್ತದೆ, ಲಿವರ್ ಅದನ್ನು ಕೇಳಿ ಸಿಆರ್‌ಪಿ ತಯಾರಿಸುತ್ತದೆ. ಅದೇ ಕೊಬ್ಬು ಕರಗಿ ಲಿವರಿಗೆ ಹರಿದಾಗ ಲಿವರ್ ಅದನ್ನು ಟ್ರೈಗ್ಲಿಸರೈಡ್ ಮಾಡಿ ಹೊರಗೆ ಕಳಿಸುತ್ತದೆ, ಎಚ್‌ಡಿಎಲ್ ಕುಸಿಯುತ್ತದೆ. ಇನ್ಸುಲಿನ್ ಸಾಕು ಎಂದರೂ ಕೇಳದೆ ಲಿವರ್ ಸಕ್ಕರೆ ಸುರಿಯುತ್ತಲೇ ಇರುತ್ತದೆ. ನಿನ್ನ ರಿಪೋರ್ಟಿನ ನಾಲ್ಕು ಸಾಲುಗಳೂ ಒಂದೇ ಮನೆಯ ಮಕ್ಕಳು. ಟ್ರೈಗ್ಲಿಸರೈಡ್ ವಿಪರೀತ ಏರಿದವರ ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ, ಹಳದಿಯಾಗಿ ತಿಳಿಯಿರಬೇಕಾದ ಸೀರಮ್ ಬಿಳಿ ಬಿಳಿಯಾಗಿ ಮೇಲೆ ನಿಲ್ಲುತ್ತದೆ. ಟ್ಯೂಬನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವುದಿಲ್ಲ. ನೀನು ಅಲ್ಲಿಗೆ ಮುಟ್ಟಿಲ್ಲ, ಆದರೆ ಹೊರಟಿರುವುದು ಆ ದಾರಿಯಲ್ಲೇ.

‘ನಾನೇನು ದಪ್ಪ ಇದ್ದೀನಾ ದೊಡ್ಡಪ್ಪ?’ ಅನ್ನುತ್ತೀಯ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿದ್ದರು. ಇಬ್ಬರ ಬಿಎಂಐ ಒಂದೇ, 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನಮ್ಮವರ ಕೈಕಾಲು ಸಣ್ಣ, ಕೊಬ್ಬು ಒಳಗೆ. ಅದಕ್ಕೇ ತೂಕದ ಯಂತ್ರಕ್ಕಿಂತ ಟೈಲರ್ ಟೇಪು ನಂಬು. ಪ್ಯಾಂಟಿನ ಸೈಜು ಲೆಕ್ಕವಲ್ಲ, ಅದನ್ನು ಹೊಟ್ಟೆಯ ಕೆಳಗೆ ಜಾರಿಸಿ ಹಾಕಿಕೊಳ್ಳುತ್ತೀರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆ. ಭಾರತದ ಗಂಡಸಿಗೆ 90 ಸೆಂಟಿಮೀಟರ್ ಗಡಿ. ಸೊಂಟ 90, ಟ್ರೈಗ್ಲಿಸರೈಡ್ 150, ಎಚ್‌ಡಿಎಲ್ 40ಕ್ಕಿಂತ ಕಡಿಮೆ, ಸಕ್ಕರೆ 100, ಬಿಪಿ 130/85. ಈ ಐದರಲ್ಲಿ ಮೂರು ತಪ್ಪಿದರೆ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಟೇಪು ಹಿಡಿಯುವ ಮೊದಲೇ ನಿನಗೆ ಮೂರು ಆಗಿವೆ. ಸಿಆರ್‌ಪಿ ಈ ಐದರಲ್ಲಿ ಇಲ್ಲವೇ ಇಲ್ಲ, ಗಮನಿಸು.

ರೂಮ್‌ಮೇಟ್ ಹೇಳಿದ ಅಂತ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತಂದಿಟ್ಟುಕೊಳ್ಳಬೇಡ. ಸಿಆರ್‌ಪಿ ಹೆಚ್ಚಿದ್ದವರಿಗೆ ಆ ಮಾತ್ರೆ ಕೊಟ್ಟು ನೋಡಿದ 2008ರ ಜ್ಯೂಪಿಟರ್ ಅಧ್ಯಯನದಲ್ಲಿ 17,802 ಜನರಿದ್ದರು. ಗಂಡಸರೆಲ್ಲ 50 ದಾಟಿದವರು. ನಿನಗಿನ್ನೂ ಇಪ್ಪತ್ತೇಳು. ಮಾತ್ರೆ ಬೇಕೋ ಬೇಡವೋ ಫಿಸಿಷಿಯನ್ ಹೇಳಲಿ. ನಿಮ್ಮ ತಾತನಿಗೆ ಸಕ್ಕರೆ ಕಾಯಿಲೆ ಇದ್ದದ್ದನ್ನು ಅವರಿಗೆ ಮರೆಯದೆ ತಿಳಿಸು.

ಮೊದಲು ಬಿಡಬೇಕಾದದ್ದು ಬೇಕರಿ ಮುಂದಿನ ಟೀ ಜೊತೆಗಿನ ಸಿಗರೇಟು. ಆಮೇಲೆ ಶನಿವಾರದ ಬಿಯರು; ಟ್ರೈಗ್ಲಿಸರೈಡ್ ಏರಿಸುವುದರಲ್ಲಿ ಅದರದ್ದು ಎತ್ತಿದ ಕೈ. ರಾತ್ರಿ ಹನ್ನೊಂದರ ಬಿರಿಯಾನಿ ಆರ್ಡರು ಎಂಟಕ್ಕೆ ಬರಲಿ, ಅರ್ಧವಾಗಲಿ. ಮುದ್ದೆ ಒಳ್ಳೆಯದು ಅಂತ ಎರಡೆರಡು ನುಂಗಬೇಡ. ದಿನಾ ನಡೆ. ಚೆನ್ನೈನ ಡಾ. ರಾಮಚಂದ್ರನ್ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ಊಟ, ನಡಿಗೆ ಸರಿಮಾಡಿಸಿದಾಗ, ಕಾಯಿಲೆಗೆ ಜಾರುವ ಸಾಧ್ಯತೆ ಶೇ 28.5ರಷ್ಟು ತಗ್ಗಿತೆಂದು 2006ರಲ್ಲಿ ಬರೆದರು. ಮೂರು ತಿಂಗಳು ಬಿಟ್ಟು, ಮೈ ಹುಷಾರಾಗಿರುವಾಗ, ರಾತ್ರಿ ಊಟವಾದ ಮೇಲೆ ನೀರಷ್ಟೇ ಕುಡಿದು ಬೆಳಿಗ್ಗೆ ರಕ್ತ ಕೊಡು.

2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ಹೋದಾಗ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಯುವಕರು ಸಾಲುಗಟ್ಟಿದ್ದರು. ಆ ಭಯ ಕೆಲವೇ ವಾರ ಉಳಿಯಿತು. ಎದೆ ಹಿಂಡಿದಂತಾಗಿ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡ, ಹಳೆಯ ರಿಪೋರ್ಟೂ ಹುಡುಕಬೇಡ. ಆಗ ಬೇಕಾದದ್ದು ಇಸಿಜಿ. ನಡುರಾತ್ರಿಯಾದರೂ ಸರಿ, ಬೈಕ್ ತೆಗೆಯದೆ ಯಾರನ್ನಾದರೂ ಎಬ್ಬಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಹೋಗು.