ಒಂಬತ್ತು ದಿನ ಮುಚ್ಚಿಟ್ಟ ಮಾತು

ಹೋದ ವರ್ಷ ದಸರಾ ರಜೆಯಲ್ಲಿ ಅಮ್ಮಿ ನೇಯ್ದ ಜಮಖಾನದ ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕಿದ್ದೆ. ನವಲಗುಂದದ ಜಮಖಾನವೆಂದರೆ ಹೆಸರಿದೆಯಲ್ಲ, ಗಿರಾಕಿ ಸಿಗುತ್ತಾರೆಂಬ ಧೈರ್ಯ. ಸಂಜೆಗೇ ಒಬ್ಬ ಕರೆ ಮಾಡಿದ. ಸೈನ್ಯದಲ್ಲಿದ್ದೇನೆ ಎಂದ. ಚೌಕಾಸಿಯನ್ನೇ ಮಾಡಲಿಲ್ಲ. (ಚೌಕಾಸಿ ಮಾಡದೆ ಜಮಖಾನ ಕೊಳ್ಳುವವರನ್ನು ನಾನಂತೂ ಕಂಡಿಲ್ಲ!) ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಹಾಕು, ದುಡ್ಡು ಬರುತ್ತದೆ, ಬೇಗ ಬೇಗ" ಎಂದು ಅವಸರ ಮಾಡಿದ. ಹಾಕಿದೆ. ಅಬ್ಬಾ ಅವರ ಖಾತೆಯಿಂದ 4,200 ರೂಪಾಯಿ ಹೋಯಿತು.

ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ ಎಂಬುದು ನನಗೆ ಗೊತ್ತಿತ್ತು. ತರಗತಿಯಲ್ಲಿ ಹೇಳಿದ್ದರು, ನಾನು ಬರೆದುಕೊಂಡೂ ಇದ್ದೆ. ಆದರೆ ಆಸೆ, ಅವಸರ, ಹೆದರಿಕೆ ಇದ್ದಾಗ ಗೊತ್ತಿದ್ದದ್ದೂ ನೆನಪಾಗುವುದಿಲ್ಲ. ವಂಚಕರು ಫೋನಿಗಿಂತ ಮೊದಲು ನಮ್ಮ ಮನಸ್ಸನ್ನು ಹಿಡಿಯುತ್ತಾರೆ.

ಮನೆಯಲ್ಲಿ ಹೇಳಲು ನಾಚಿಕೆಯಾಯಿತು. ರಾತ್ರಿ ನಿದ್ದೆಯಿಲ್ಲ, ಊಟ ಸೇರದು, ಫೋನ್ ಸದ್ದಾದರೆ ಎದೆ ಢವಢವ. ಒಂಬತ್ತನೆಯ ದಿನ ಅಬ್ಬಾ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದರು. ನಾನು ಅತ್ತುಬಿಟ್ಟೆ. "ರೊಕ್ಕ ಹೋದ್ರ ಹೋಗ್ಲಿ. ಇಷ್ಟ ದಿನ ಒಬ್ಬಾಕಿನ ಯಾಕ ಸಂಕಟಪಟ್ಟಿ?" ಎಂದರು.

1930ಕ್ಕೆ ಕರೆ ಮಾಡಿದೆವು. ಅಲ್ಲಿ ದೂರು ಕೊಟ್ಟರೆ ಹಣ ತಲುಪಿದ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ಹಣ ಇನ್ನೂ ಖಾತೆಯಲ್ಲಿದ್ದರೆ ತಡೆಯಬಹುದು. ಆದರೆ ಅದು ಕೆಲವೇ ಗಂಟೆಗಳಲ್ಲಿ ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ. ನಾವು ತಡವಾಗಿದ್ದೆವು.

2025ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ ವೃದ್ಧ ದಂಪತಿ ಪ್ರಾಣ ಕಳೆದುಕೊಂಡರು. ಅಧಿಕಾರಿಗಳೆಂದು ಹೇಳಿಕೊಂಡವರು ಫೋನಿನಲ್ಲೇ ಹೆದರಿಸಿ 50 ಲಕ್ಷಕ್ಕೂ ಹೆಚ್ಚು ಹಣ ಕಿತ್ತಿದ್ದರು. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಇಂಥ ಕರೆ ಮಾಡುವವರು ಮೊದಲು ಹೇಳುವುದೇ, "ಯಾರಿಗೂ ತಿಳಿಸಬೇಡಿ" ಎಂದು. ನನಗಾದರೋ ಯಾರೂ ಹಾಗೆ ಹೇಳಿರಲಿಲ್ಲ. ನಾನೇ ಬಾಯಿ ಮುಚ್ಚಿಕೊಂಡಿದ್ದೆ.

ಮನೆಯಲ್ಲಿ ಹೇಳಲಾಗದಿದ್ದರೆ ಉಪನ್ಯಾಸಕರಿಗೆ ಹೇಳಿ. ಸಂಕಟ ತಡೆಯಲಾಗದಿದ್ದರೆ ಟೆಲಿ-ಮಾನಸ್ 14416 ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ಅಮ್ಮಿಗೆ ಬ್ಯಾಂಕಿನವರೆಂದು ಯಾರೋ ಕರೆ ಮಾಡಿದ್ದರು. ಅಮ್ಮಿ ಫೋನನ್ನು ನನ್ನ ಕೈಗಿಟ್ಟು, "ಯಾರೋ ಭಾಳ ಅವಸರ ಮಾಡಾಕತ್ತಾರ, ನೀನ ಮಾತಾಡು" ಎಂದು ಮತ್ತೆ ಮಗ್ಗದ ಮುಂದೆ ಕುಳಿತರು.