ಹೊಸ ಸಿಆರ್‌ಪಿ ತಂಗಿಗೊಂದು ಪತ್ರ

ತಂಗಿ,

ತಿಕೋಟಾ ಕಡೆಯ ಕ್ಲಸ್ಟರ್‌ಗೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಆದೆ ಎಂದು ತಿಳಿದು ಖುಷಿಯಾಯಿತು. ನಿನ್ನೆವರೆಗೆ ಜೊತೆಗೆ ಚಹಾ ಕುಡಿದವರು ಇಂದು ನಿನ್ನ ಗಾಡಿ ಸಪ್ಪಳ ಕೇಳಿದೊಡನೆ ಪಾಠ ಟಿಪ್ಪಣಿ ಹುಡುಕುತ್ತಾರೆ. ಬೇಜಾರಾಗಬೇಡ, ಶಾಲಾ ಇನ್‌ಸ್ಪೆಕ್ಟರ್ ಸಾಹೇಬರ ಕಾಲದ ಅಂಜಿಕೆ ಅದು, ಇನ್ನೂ ಪೂರ್ತಿ ಹೋಗಿಲ್ಲ. ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಕಾಲದಲ್ಲಿ ಹುಟ್ಟಿ, 2001ರ ನಂತರ ಸರ್ವ ಶಿಕ್ಷಣ ಅಭಿಯಾನದಲ್ಲಿ ಎಲ್ಲ ಕಡೆ ಹಬ್ಬಿದ ಈ ಹುದ್ದೆಯ ಉದ್ದೇಶ ತಪಾಸಣೆಯಲ್ಲ, ಶಿಕ್ಷಕರ ಪಕ್ಕದಲ್ಲಿ ಇನ್ನೊಬ್ಬ ಶಿಕ್ಷಕರು ನಿಲ್ಲುವುದು. ನೋಟಿಸ್ ಕೊಡುವ ಅಧಿಕಾರ ನಿನಗಿಲ್ಲ. ಕೆಲವರು ಇದನ್ನು ಕೊರತೆ ಅನ್ನುತ್ತಾರೆ, ನಾನು ಅದನ್ನೇ ಅನುಕೂಲ ಅನ್ನುತ್ತೇನೆ. ನೋಟಿಸ್ ಕೊಡುವವರ ಮುಂದೆ ಯಾವ ಮಾಸ್ತರರೂ ‘ನನಗ ಈ ಪಾಠ ಹಿಡಿತಕ್ಕ ಬರವಲ್ದು’ ಅನ್ನುವುದಿಲ್ಲ.

ಶಾಲೆಗೆ ಹೋದವಳೇ ಹಾಜರಿ, ಹಾಲಿನ ಪುಡಿ, ಮೊಟ್ಟೆ ಲೆಕ್ಕ ಕೇಳಬೇಡ. ಮಕ್ಕಳ ನಡುವೆ ಕೂತು ಒಬ್ಬ ಹುಡುಗನ ನೋಟ್‌ಬುಕ್ ತೆರೆ. 52ರಲ್ಲಿ 27 ಕಳೆದು 35 ಎಂದು ಬರೆದಿರುತ್ತಾನೆ, ಮೇಲೆ ಕೆಂಪು ಮಸಿಯ ಗೆರೆ. ‘ಹೆಂಗ ಮಾಡಿದಿ?’ ಎಂದು ಕೇಳು. ‘ಏಳರಾಗ ಎರಡು ಹೋದ್ರ ಐದು, ಐದರಾಗ ಎರಡು ಹೋದ್ರ ಮೂರು’ ಅನ್ನುತ್ತಾನೆ. ಕಳೆಯಲು ಅವನಿಗೆ ಬರುತ್ತದೆ. ದೊಡ್ಡದರಲ್ಲಿ ಸಣ್ಣದನ್ನೇ ಕಳೆಯಬೇಕು ಎಂಬ ಮಾತು ನಂಬಿ ಕೆಟ್ಟಿದ್ದಾನೆ, ಅಷ್ಟೆ. ಇದನ್ನು ಮಕ್ಕಳ ಎದುರು ಮಾಸ್ತರರಿಗೆ ಹೇಳಬೇಡ. ಬಿಡುವಿನಲ್ಲಿ, ‘ಸರ್, ಜೋಳದ ದಂಟಿನ ಹತ್ತರ ಕಟ್ಟು ಐದು, ಬಿಡಿ ಎರಡು ಕೊಟ್ಟು, ಇಪ್ಪತ್ತೇಳು ತೆಗಿ ಅಂದ್ರ ಏನ್ ಮಾಡ್ತಾನ ನೋಡೋಣೇನು?’ ಎಂದು ಕೇಳು. ಕಟ್ಟು ಬಿಚ್ಚದೆ ಏಳು ಕಡ್ಡಿ ಸಿಗುವುದಿಲ್ಲ, ಹುಡುಗ ತಾನೇ ಬಿಚ್ಚುತ್ತಾನೆ. ಅವರು ಒಪ್ಪಿದರೆ ಆ ಪಾಠ ಮೊದಲು ನೀನು ಮಾಡು, ಅವರು ನೋಡಲಿ. ಮುಂದಿನ ಸಲ ಅವರು ಮಾಡಲಿ, ನೀನು ನೋಡು. ಮುಂದಿನ ಸಲ ಹೋಗುವ ಮನಸ್ಸಿಲ್ಲದಿದ್ದರೆ ಈ ಸಲವೂ ಹೋಗಬೇಡ.

ನಿನ್ನ ಭಾಗದಲ್ಲಿ ಲಂಬಾಣಿ ತಾಂಡಾಗಳ ಶಾಲೆಗಳಿವೆ. ಕಬ್ಬಿನ ಹಂಗಾಮು ಬಂದರೆ ಮನೆಮಂದಿಯೆಲ್ಲ ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ. ತಿಂಗಳುಗಟ್ಟಲೆ ಶಾಲೆ ಬಿಟ್ಟು ಬಂದ ಮಗು ಎಲ್ಲಿಂದ ಶುರು ಮಾಡಬೇಕು? ನಲಿ-ಕಲಿಯ ಕಲಿಕಾ ಏಣಿಯಲ್ಲಿ ಅದಕ್ಕೆ ಉತ್ತರವಿದೆ, ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿ ಬಂದು ಶುರು ಮಾಡಿದ ಪದ್ಧತಿ ಅದು. ಸುತ್ತೋಲೆಯಿಂದ ಹುಟ್ಟಿದ್ದಲ್ಲ, ಸುತ್ತೋಲೆ ಆಮೇಲೆ ಬಂತು. ಈಗ ಎಷ್ಟೋ ಕಡೆ ಏಣಿ ಗೋಡೆಯ ಮೇಲಿದೆ, ಮಕ್ಕಳು ಬೋರ್ಡ್ ನೋಡಿ ನಕಲು ಮಾಡುತ್ತಿರುತ್ತಾರೆ. ಒಬ್ಬರೇ ಮೂರು ತರಗತಿ ಹಿಡಿದವರನ್ನು ಇದಕ್ಕೆ ಬೈಯಬೇಡ. ಅರ್ಧ ದಿನ ಜೊತೆಗಿದ್ದು ಒಂದು ಗುಂಪು ನೀನು ನೋಡಿಕೋ. ಕನ್ನಡದಲ್ಲಿ ತೊಡರಿದ ಮಗು ಲಂಬಾಣಿಯಲ್ಲಿ ಉತ್ತರ ಹೇಳಿದರೆ ಅದೂ ಉತ್ತರವೇ ಎಂದು ಅವರಿಗೆ ತಿಳಿಸು.

ಅಮೆರಿಕದಲ್ಲಿ ನಿನ್ನಂಥವರಿಗೆ ಕೋಚ್ ಅನ್ನುತ್ತಾರೆ. ಅಲ್ಲಿನ ಸಂಶೋಧಕ ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು ಇಂಥ ಕೋಚಿಂಗ್ ಕುರಿತ 60 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದರು: ಕೋಚಿಂಗ್‌ನಿಂದ ಪಾಠ ಸುಧಾರಿಸುತ್ತದೆ, ಮಕ್ಕಳ ಕಲಿಕೆಯೂ ಏರುತ್ತದೆ, ಆದರೆ ಕಾರ್ಯಕ್ರಮ ದೊಡ್ಡದಾದಂತೆ ಫಲ ಇಳಿಯುತ್ತದೆ. ವಿಜಯಪುರದಿಂದ ಬಬಲೇಶ್ವರದವರೆಗಿನ ಯಾವ ಸಿಆರ್‌ಪಿಯನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು ಬಿಡು. ಕೈಯಲ್ಲಿ ಇಷ್ಟೊಂದು ಶಾಲೆ, ಮೇಲೆ ಸ್ಯಾಟ್ಸ್ ತಂತ್ರಾಂಶಕ್ಕೆ ಮಕ್ಕಳ ಮಾಹಿತಿ ತುಂಬುವ ಕೆಲಸ, ವಾಟ್ಸಾಪ್‌ನಲ್ಲಿ ‘ಅತಿ ತುರ್ತು’ ಎಂದು ಬರುವ ನಮೂನೆಗಳು. ನಿನ್ನ ತಲೆಯ ಮೇಲೆ ಅಂಕಿಅಂಶದ ಮೂಟೆ ಹೊರಿಸಿ, ಕಲಿಕೆ ಯಾಕೆ ಏರಲಿಲ್ಲ ಎಂದು ಕೇಳುವುದು ಅನ್ಯಾಯ. ಇದನ್ನು ಮೇಲಧಿಕಾರಿಗಳ ಸಭೆಯಲ್ಲಿ ಎದ್ದು ನಿಂತು ಹೇಳು, ಮರ್ಯಾದೆಯಿಂದಲೇ ಹೇಳು.

ನಿನ್ನ ಕ್ಲಸ್ಟರ್ ಶಿಕ್ಷಕರ ಮುಂದಿನ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆಗಳನ್ನು ಅರ್ಧ ತಾಸಿನಲ್ಲಿ ಓದಿ ಮುಗಿಸು. ಉಳಿದ ಹೊತ್ತು ಆ ಕಡ್ಡಿ ಕಟ್ಟಿನ ಪಾಠ ಮಾಡಿದ ಮಾಸ್ತರರಿಗೆ ಬಿಟ್ಟುಕೊಡು. ನೀನು ಹೇಳಿದ್ದಕ್ಕಿಂತ ಅವರು ಹೇಳಿದ್ದನ್ನು ಉಳಿದವರು ಬೇಗ ನಂಬುತ್ತಾರೆ.

ಇಂತಿ,
ನಿನ್ನ ಅಣ್ಣ